ಎಲಿಷಪ್ಪನವರ ಹನ್ನೊಂದು ವರ್ಷದ ಚೀಟಿ

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಮ್ಮ ಮನೆಗೂ ಎಲಿಷಪ್ಪನವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಯ ಈ ಕಡೆ ನಾನು, ಪವಮಾನ, ನಿವೃತ್ತ ಶಾಲಾ ಮಾಸ್ತರ. ಆ ಕಡೆ ಅವರು, ಸರಕಾರಿ ದವಾಖಾನೆಯಲ್ಲಿ ಡ್ರೆಸರ್ ಆಗಿದ್ದು ಮೂವತ್ನಾಲ್ಕು ವರ್ಷ ಊರವರ ಗಾಯ ತೊಳೆದು ಪಟ್ಟಿ ಕಟ್ಟಿದವರು. ಅವರ ಪ್ರಾರ್ಥನೆ ಬೆಳಗಿನ ಐದಕ್ಕೆ ಶುರುವಾಗುತ್ತದೆ, ನನ್ನ ಸಂಧ್ಯಾವಂದನೆ ಐದೂವರೆಗೆ. ಅವರ ದನಿಗೆ ಹೆದರಿ ನನ್ನ ಮಂತ್ರ ಎಷ್ಟೋ ದಿನ ನಡುದಾರಿಯಲ್ಲಿ ನಿಂತುಬಿಟ್ಟದ್ದುಂಟು.

"ನಿಮ್ಮ ದೇವರಿಗೆ ಕಿವಿ ಮಂದ ಏನ್ರಿ?" ಎಂದು ಒಮ್ಮೆ ಕೇಳಿದ್ದೆ.

"ದೇವರಿಗೆ ಛಲೋ ಕೇಳಸ್ತದ ಸರ್. ಸೈತಾನನಿಗೂ ಕೇಳ್ಲಿ ಅಂತ ಜೋರಾಗಿ ಮಾಡ್ತೀನಿ," ಎಂದರು.

ಹೀಗಾಗಿ ಎಲಿಷಪ್ಪನವರು ದೇವರಿಂದ ಏನೇನು ಬಯಸುತ್ತಾರೆ ಎಂಬುದು ದೇವರಿಗೆ ಎಷ್ಟು ಗೊತ್ತೋ ನನಗೂ ಅಷ್ಟೇ ಗೊತ್ತು. ಮೊದಲು ದೇಶ, ಆಮೇಲೆ ಮಳೆ, ಆಮೇಲೆ ತಮ್ಮ ಮೊಣಕಾಲು. ಕೊನೆಗೆ, ಗಂಟಲು ಸರಿಮಾಡಿಕೊಂಡು, ಅಣ್ಣ. "ಕಮಲಾಪುರದ ಯೋಬಪ್ಪನ ಕಲ್ಲಿನಂಥ ಹೃದಯ ಕರಗಿಸು ಸ್ವಾಮೀ." ಹೃದಯ ಕರಗಿಸು ಎನ್ನುವಾಗ ಅವರ ದನಿ ಹೇಗಿರುತ್ತಿತ್ತೆಂದರೆ, ಕರಗಿಸಲು ದೇವರ ಕೈಗೆ ಸುತ್ತಿಗೆ ಕೊಟ್ಟಂತಿರುತ್ತಿತ್ತು.

ಅಣ್ಣತಮ್ಮಂದಿರ ನಡುವಿನ ಜಗಳ ಹೊಲದ್ದಲ್ಲ, ಮನೆಯದಲ್ಲ. ಅಂಥ ಜಗಳವಾಗಿದ್ದರೆ ವಕೀಲರಾದರೂ ನಾಲ್ಕು ಕಾಸು ಕಾಣುತ್ತಿದ್ದರು. ಇವರ ಜಗಳ ಒಂದು ಶಬ್ದದ್ದು.

ಇವರ ತಾಯಿ ದೀನಮ್ಮ ಕಮಲಾಪುರದ ಬೀದಿಯಲ್ಲಿ ಬುಟ್ಟಿಯಲ್ಲಿ ಬಾಳೆಹಣ್ಣು ಹೊತ್ತು ಮಾರಿ ಇಬ್ಬರು ಮಕ್ಕಳನ್ನು ಸಾಕಿದವಳು. ಆಕೆ ತೀರಿಕೊಂಡು ವರ್ಷ ತುಂಬಿದಾಗ ಗೋರಿಗೆ ಕಲ್ಲು ನಿಲ್ಲಿಸಬೇಕೆಂದು ಊರಿನ ಕಲ್ಲುಕುಟಿಗ ನಬಿಸಾಬನಿಗೆ ಹೇಳಿದರು. ನಬಿಸಾಬ ಒಳ್ಳೆಯ ಶಹಾಬಾದ್ ಕಲ್ಲು ತರಿಸಿ ಹೆಸರು, ಹುಟ್ಟು, ಸಾವು ಎಲ್ಲ ಕೆತ್ತಿ, ಕೆಳಗೊಂದು ವಾಕ್ಯಕ್ಕೆ ಜಾಗ ಬಿಟ್ಟು, "ಇಲ್ಲಿ ಏನ್ ಬರೀಲ್ರಿ?" ಎಂದು ಕೇಳಿದ. ಅವನು ಕೇಳಬಾರದಿತ್ತು.

ಅಣ್ಣ ಯೋಬಪ್ಪ "ನಂಬಿಕೆಯಲ್ಲಿ ಬಾಳಿದವಳು" ಎಂದು ಬರೆಸು ಎಂದ. ತಮ್ಮ ಎಲಿಷಪ್ಪ "ನಿರೀಕ್ಷೆಯಲ್ಲಿ ಮಲಗಿದವಳು" ಎಂದು ಬರೆಯಬೇಕು ಎಂದರು. ಬಾಳು ಮುಗಿದುಹೋಯಿತು, ಸತ್ತವರು ಎದ್ದು ಬರುತ್ತಾರೆಂಬ ನಿರೀಕ್ಷೆಯೇ ಮುಖ್ಯ ಎಂದು ಇವರ ವಾದ. ನಂಬಿಕೆಯೇ ಇಲ್ಲದಿದ್ದರೆ ನಿರೀಕ್ಷೆ ಎಲ್ಲಿಂದ ಬಂತು ಎಂದು ಅವನ ವಾದ. ಈ ವಾದ ನಡೆದದ್ದು ತಾಯಿಯ ನೆನಪಿನ ಕೂಟದಲ್ಲಿ, ಪಂಕ್ತಿಯಲ್ಲಿ ಕೂತು ಉಣ್ಣುವಾಗ. ಅವರ ಪೈಕಿ ಇಂಥ ಊಟಕ್ಕೆ ಪ್ರೀತಿ ಭೋಜನ ಎನ್ನುತ್ತಾರೆ. ಪ್ರೀತಿ ಭೋಜನದ ನಡುವೆ ಎಲಿಷಪ್ಪನವರು ಅರ್ಧ ಉಂಡ ಎಲೆ ಬಿಟ್ಟು ಎದ್ದು, ಕೈ ಕೂಡ ತೊಳೆಯದೆ ಕಲಬುರಗಿಯ ಬಸ್ಸು ಹತ್ತಿದರು. "ಅಂವ ತಪ್ಪಾತು ಅನ್ನೂ ತನಕಾ ಆ ಹೊಸ್ತಿಲಾ ತುಳಿಯಂಗಿಲ್ಲ" ಎಂದು ಶಪಥ ಮಾಡಿದರು. ದೀನಮ್ಮನಿಗೆ ಓದು ಬರುತ್ತಿರಲಿಲ್ಲ. ಎರಡರಲ್ಲಿ ಯಾವುದನ್ನು ಕೆತ್ತಿದ್ದರೂ ಆಕೆಗೆ ಒಂದೇ ಆಗಿತ್ತು.

ಎಲಿಷಪ್ಪನವರು ಮದುವೆಯ ಗೊಡವೆಗೆ ಹೋದವರಲ್ಲ. ನನ್ನವರು ಎನ್ನಲು ಇದ್ದದ್ದು ಆ ಅಣ್ಣ ಒಬ್ಬನೇ. ಅವನನ್ನು ಬಿಟ್ಟ ಮೇಲೆ ಅವನ ಮೇಲಿನ ಸಿಟ್ಟನ್ನೇ ಮನೆಯ ಮಂದಿಯಂತೆ ಸಾಕಿಕೊಂಡರು. ಅವರ ಚರ್ಚಿನಲ್ಲಿ ಒಂದು ರೂಢಿಯಿದೆ. ಕಷ್ಟದಲ್ಲಿರುವವರು ಚೀಟಿ ಬರೆದು ಬಾಗಿಲ ಬಳಿಯ ಡಬ್ಬಿಗೆ ಹಾಕುತ್ತಾರೆ, ಪಾಸ್ಟರು ರವಿವಾರದ ಆರಾಧನೆಯಲ್ಲಿ ಅದನ್ನು ಓದುತ್ತಾರೆ, ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ. ಜ್ವರದ ಚೀಟಿ ಎರಡು ವಾರ ಬರುತ್ತದೆ, ಪರೀಕ್ಷೆಯ ಚೀಟಿ ಫಲಿತಾಂಶದ ತನಕ ಬರುತ್ತದೆ. ಎಲಿಷಪ್ಪನವರ ಚೀಟಿ ಹನ್ನೊಂದು ವರ್ಷ ಬಂತು. ಮೂವರು ಪಾಸ್ಟರುಗಳು ಬಂದು ಹೋದರು, ಯೋಬಪ್ಪನ ಹೃದಯ ಮಾತ್ರ ಕರಗಿದ ಸುದ್ದಿ ಬರಲಿಲ್ಲ. ಚರ್ಚಿನ ಮಕ್ಕಳು ಮಗ್ಗಿಗಿಂತ ಮೊದಲು ಆ ಚೀಟಿಯನ್ನು ಬಾಯಿಪಾಠ ಮಾಡಿದ್ದರಂತೆ.

"ಕಮಲಾಪುರ ಏನ್ ಅಮೇರಿಕಾದಾಗ ಅದ ಏನ್ರಿ? ತಾಸಿನ ಹಾದಿ. ಒಮ್ಮೆ ಹೋಗಿ ಬರ್ರಲ್ಲ," ಎಂದು ನಾನು ಹೇಳದ ವರ್ಷವಿಲ್ಲ.

"ನಂಬಿಕಿ ಇಟ್ಟೀನಿ ಸರ್. ಅಂವ ಬರ್ತಾನ ಅಂತ ನಿರೀಕ್ಷಾನೂ ಅದ. ಮತ್ತ ನಾ ಯಾಕ ಹೋಗ್ಬೇಕು?"

ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೂ ಇರಲಿಲ್ಲ. ನನ್ನ ತಮ್ಮ ಕೌಸ್ತುಭ ಇದೇ ಊರಿನ ಖೂಬಾ ಪ್ಲಾಟ್‌ನಲ್ಲಿದ್ದಾನೆ. ತಂದೆಯ ಶ್ರಾದ್ಧ ಯಾವ ಪಂಚಾಂಗದ ತಿಥಿಗೆ ಮಾಡಬೇಕು ಎಂಬ ಘನವಾದ ವಿಷಯಕ್ಕೆ ನಾವು ಮಾತು ಬಿಟ್ಟು ಮೂರು ವರ್ಷವಾಗಿತ್ತು. ತಂದೆಗೆ ವರ್ಷಕ್ಕೆ ಎರಡು ಶ್ರಾದ್ಧ ನಡೆಯುತ್ತಿದ್ದವು, ಎರಡರಲ್ಲೂ ಒಬ್ಬ ಮಗ ಇರುತ್ತಿರಲಿಲ್ಲ.

ಈ ವರ್ಷ ಜೂನಿನಲ್ಲಿ ಎಲಿಷಪ್ಪನವರ ಚರ್ಚಿಗೆ ಹೊಸ ಪಾಸ್ಟರು ವರ್ಗವಾಗಿ ಬಂದರು. ಸಣಕಲು ಮೈಯ, ನಗುಮುಖದ ಯುವಕ. ಮೊದಲ ರವಿವಾರ ಚೀಟಿಗಳನ್ನು ಓದುತ್ತ ಓದುತ್ತ ಒಂದರ ಬಳಿ ಅವರ ದನಿ ನಿಂತಿತು. ಚೀಟಿಯನ್ನು ತಿರುಗಿಸಿ ನೋಡಿದರು, ಮತ್ತೆ ಓದಿಕೊಂಡರು, ಆಮೇಲೆ ಪೀಠದ ಮೇಲೆ ನಿಂತಲ್ಲೇ ನಕ್ಕುಬಿಟ್ಟರು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಮುಂದಿನದನ್ನು ಓದಿದರು. ತಮ್ಮ ಚೀಟಿ ಓದಿಸಿಕೊಳ್ಳದೆ ಮನೆಗೆ ಬಂದ ಎಲಿಷಪ್ಪನವರ ಮುಖ ಆ ದಿನ ನೋಡುವಂತಿರಲಿಲ್ಲ. ಸಂಜೆ ಪಾಸ್ಟರು ಅವರ ಮನೆಗೇ ಬಂದರು. ಜಗಳವಾದರೆ ಬಿಡಿಸಲು ಇರಲಿ ಎಂದು ನಾನೂ ಹೋಗಿ ಕೂತೆ. ನಿಜ ಹೇಳಬೇಕೆಂದರೆ ನೋಡಲು ಹೋದೆ.

"ಯಾಕ ಓದ್ಲಿಲ್ಲ?" ಎಂದರು ಎಲಿಷಪ್ಪ, ನೀರು ಕೂಡ ಕೊಡದೆ.

"ಅಂಕಲ್, ನಾ ಎಲ್ಲಿಂದ ವರ್ಗ ಆಗಿ ಬಂದೀನಿ ಗೊತ್ತದೇನು? ಕಮಲಾಪುರದಿಂದ. ಐದು ವರ್ಷ ಅಲ್ಲೇ ಇದ್ದೆ. ಅಲ್ಲಿ ವಾರಾ ಒಂದು ಚೀಟಿ ಬರ್ತಿತ್ತು. ಕಲಬುರಗಿಯ ಎಲಿಷಪ್ಪನ ಗರ್ವ ಮುರೀಲಿ ಅಂತ."

ಎಲಿಷಪ್ಪನವರು ಕುರ್ಚಿಯಿಂದ ಅರ್ಧ ಎದ್ದರು. "ಗರ್ವ? ನಂದು?"

"ನಿಮ್ದೇ. ಹೆಸರು ಹಿಡಿದು. ನೀವು ಹನ್ನೊಂದು ವರ್ಷ ಅವರ ಸಲುವಾಗಿ ಮಾಡೀರಿ, ಅವರು ಹನ್ನೊಂದು ವರ್ಷ ನಿಮ್ಮ ಸಲುವಾಗಿ ಮಾಡ್ಯಾರ. ಎರಡು ಚರ್ಚಿನ ಮಂದಿ ಆಮೆನ್ ಅಂದಾರ. ದೇವರು ಯಾರ ಮಾತು ಕೇಳ್ಬೇಕು, ನೀವೇ ಹೇಳ್ರಿ."

ನನಗೆ ನಗು ತಡೆಯಲಾಗಲಿಲ್ಲ. ಎಲಿಷಪ್ಪನವರು ನನ್ನತ್ತ ನೋಡಿದ ನೋಟಕ್ಕೆ ಅದು ಅರ್ಧಕ್ಕೇ ನಿಂತಿತು. ಪಾಸ್ಟರು ಮಾತ್ರ ಈಗ ನಗುತ್ತಿರಲಿಲ್ಲ.

"ನಿಮ್ಮಿಬ್ಬರ ಹತ್ರ ನಂಬಿಕಿಗೇನು ಕಮ್ಮಿ ಇಲ್ಲ ಅಂಕಲ್. ನಿರೀಕ್ಷಾಕ್ಕೂ ಕಮ್ಮಿ ಇಲ್ಲ. ಖರೆ ಆ ಎರಡೂ ಹನ್ನೊಂದು ವರ್ಷದಿಂದ ಬಸ್‌ಸ್ಟ್ಯಾಂಡಿನ ಕಟ್ಟಿ ಮ್ಯಾಲೆ ಸುಮ್ನ ಕುಂತಾವ. ಬಸ್ ಹತ್ತೋದು ಮೂರನೇದು. ಪ್ರೀತಿ. ಅದಕ್ಕೇ ಮೂರರಾಗ ಅದೇ ದೊಡ್ಡದು ಅಂತ ಬೈಬಲ್ಲಿನಾಗ ಹೇಳ್ಯದ."

"ಅಂವ ಈಗೂ ಗರ್ವ ಗರ್ವ ಅಂತ್ಲೇ ಬರೀತಾನೇನು?"

ಪಾಸ್ಟರು ಜೇಬಿನ ಚೀಟಿ ತೆಗೆದು ಅವರ ಕೈಗಿಟ್ಟರು. "ಈಗಿಂದು ಬ್ಯಾರೆ ಅದ. ನೀವೇ ಹೋಗಿ ಕೇಳ್ರಿ. ತಡಾ ಮಾಡಬ್ಯಾಡ್ರಿ," ಎಂದು ಎದ್ದರು.

ಎಲಿಷಪ್ಪನವರು ಮುಂದಿನ ರವಿವಾರ ಇನ್ನೂ ಖಾರವಾದ ಚೀಟಿ ಬರೆದು ಹಾಕಿದರು. ಇದು ಉತ್ತರ ಸಿಕ್ಕ ಪ್ರಾರ್ಥನೆ, ಇನ್ನು ಓದುವುದಿಲ್ಲ ಎಂದು ಪಾಸ್ಟರು ಅದನ್ನು ವಾಪಸು ಕೊಟ್ಟರು. ಎರಡು ವಾರ ಎಲಿಷಪ್ಪನವರು ಚರ್ಚಿಗೇ ಹೋಗಲಿಲ್ಲ. ಬೆಳಗಿನ ಪ್ರಾರ್ಥನೆಯೂ ಗೋಡೆ ದಾಟಿ ಬರಲಿಲ್ಲ. ನನ್ನ ಸಂಧ್ಯಾವಂದನೆ ಆ ಹದಿನೈದು ದಿನ ಸುಸೂತ್ರವಾಗಿ ನಡೆಯಿತು. ಆದರೂ ಮನಸ್ಸಿಗೆ ಏನೋ ಇರುಸುಮುರುಸು, ಕಿವಿ ಗೋಡೆಯ ಕಡೆಗೇ ಇರುತ್ತಿತ್ತು.

ಮೂರನೆಯ ಶನಿವಾರ ಅವರೇ ಬಂದರು.

"ಸರ್, ನಾಳಿ ಎಂಟೂವರಿ ಬಸ್ಸಿಗೆ ಕಮಲಾಪುರಕ್ಕ ಹೋಗ್ಬೇಕು ಅಂತ ಮಾಡೀನಿ. ನೀವೂ ಬರ್ರಿ."

"ನಾ ಯಾಕ್ರಿ?"

"ಸಾಕ್ಷಿ ಬೇಕು. ಅಂವ ತಪ್ಪಾತು ಅನ್ನೋದನ್ನ ಮೂರನೇದವರು ಒಬ್ಬರು ಕೇಳ್ಬೇಕು. ನಾಳಿ ನಾ ಅಂದೇ ಇಲ್ಲ ಅಂದ್ರ? ನೀವು ನಮ್ಮ ಪೈಕಿ ಅಲ್ಲ, ಪಕ್ಷಪಾತ ಇರಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ರಂಜನಾ, "ಹೋಗಿ ಬರ್ರಿ. ಕಮಲಾಪುರ ಹತ್ರನೇ ಅದ. ಖೂಬಾ ಪ್ಲಾಟೇ ದೂರ," ಎಂದು ಒಳಗೆ ಹೋದಳು. ನಾನು ಕೇಳಿಸದವನಂತೆ ಇದ್ದುಬಿಟ್ಟೆ.

ಬಸ್ಸಿನಲ್ಲಿ ಸೀಟೆಲ್ಲ ಪುಕ್ಕಟೆ ಟಿಕೀಟಿನ ಹೆಣ್ಣುಮಕ್ಕಳದು. ದುಡ್ಡು ಕೊಟ್ಟ ನಾವಿಬ್ಬರು ಮುದುಕರು ಕಂಬಿ ಹಿಡಿದು ನಿಂತೆವು. ಎಲಿಷಪ್ಪನವರು ಒಂದು ಕೈಯಲ್ಲಿ ಮಾಲಪುರಿ ಎಂಬ ಸಿಹಿಯ ಡಬ್ಬಿ ಹಿಡಿದಿದ್ದರು. ಅಣ್ಣನಿಗೆ ಬಹಳ ಇಷ್ಟವಂತೆ. "ತಪ್ಪಾತು ಅಂದ ಮ್ಯಾಲೇ ಕೊಡ್ತೀನಿ," ಎಂದರು. ಮಹಾಗಾಂವ ಕ್ರಾಸ್ ಬರುವತನಕ ಅಣ್ಣ ಏನನ್ನುತ್ತಾನೆ, ತಾವು ಏನನ್ನಬೇಕು ಎಂದು ಇಬ್ಬರ ಮಾತನ್ನೂ ತಾವೇ ಆಡಿ ತೋರಿಸಿದರು. ಅವರ ಲೆಕ್ಕದಲ್ಲಿ ಅಣ್ಣ ಮೂರನೆಯ ಮಾತಿಗೇ ಸೋಲುತ್ತಿದ್ದ.

ನಾವು ಮುಟ್ಟಿದಾಗ ಕಮಲಾಪುರದ ಚರ್ಚಿನಲ್ಲಿ ಆರಾಧನೆ ನಡೆದಿತ್ತು. ಚಪ್ಪಲಿ ಹೊರಗೆ ಬಿಟ್ಟು ಗಂಡಸರ ಕಡೆಯ ಜಮಖಾನೆಯ ಮೇಲೆ ಹಿಂದೆ ಕೂತೆವು. ಎಲಿಷಪ್ಪನವರು ಮೊಣಕೈಯಿಂದ ತಿವಿದು ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕನನ್ನು ತೋರಿಸಿದರು. ಬೆಳ್ಳನೆಯ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. "ಎಷ್ಟು ಸೊರಗ್ಯಾನ," ಎಂದರು. ಗೆಲ್ಲಲು ಬಂದವರ ದನಿಯಾಗಿರಲಿಲ್ಲ ಅದು.

ಪ್ರಾರ್ಥನೆಯ ಹೊತ್ತು ಬಂತು. ಆ ಮುದುಕ ಚೀಟಿ ಗೀಟಿ ಇಲ್ಲದೆ ತಾನೇ ಗೋಡೆ ಹಿಡಿದು ಎದ್ದು ನಿಂತ. "ನನಗ ಒಬ್ಬ ತಮ್ಮ ಇದ್ದಾನ. ಎಲಿಷಾ ಅಂತ. ಕಲಬುರಗಿಯಾಗ ಇರ್ತಾನ. ಅಂವ ಬರ್ಲಿ ಅಂತ ಎಲ್ಲಾರೂ ಪ್ರಾರ್ಥನಾ ಮಾಡ್ರಿ," ಎಂದ.

ಗರ್ವದ ಮಾತಿಲ್ಲ. ಮುರಿಯಲಿ ಎಂಬ ಮಾತೂ ಇಲ್ಲ. ನಾನು ಪಕ್ಕಕ್ಕೆ ನೋಡುವಷ್ಟರಲ್ಲಿ ಎಲಿಷಪ್ಪನವರು ಎದ್ದು ನಿಂತಿದ್ದರು. ಮೊಣಕಾಲು ನೋವು, ಶಪಥ, ಸಾಕ್ಷಿ ಎಲ್ಲ ಮರೆತು ಸಾಲುಗಳ ನಡುವೆ ದಾಟಿಕೊಂಡು ಮುಂದೆ ಹೋದರು.

"ಅಣ್ಣಾ, ಬಂದೀನಿ. ನಾನೇ," ಎಂದರು.

ಯೋಬಪ್ಪ ತಿರುಗಿ ನೋಡಿದ. ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗೆ ನೋಡಿದ. ಆಮೇಲೆ ಹೊಸಬರಿಗೆ ಮಾಡುವಂತೆ ಎರಡೂ ಕೈ ಜೋಡಿಸಿದ.

"ನಮಸ್ಕಾರ್ರೀ. ಬರ್ರಿ, ಕೂಡ್ರಿ. ನೀವೂ ಅವನ ಸಲುವಾಗಿ ಪ್ರಾರ್ಥನಾ ಮಾಡ್ರಿ."

ಎಲಿಷಪ್ಪನವರು ಅಲ್ಲೇ, ಅಣ್ಣನ ಪಕ್ಕದಲ್ಲಿ, ಕುಸಿದು ಕೂತರು. ಯಾರೋ ಪ್ರಾರ್ಥನೆ ಹೇಳಿದರು. ಎಲಿಷನು ಬರಲಿ ಎಂದು ಎಲ್ಲರೂ ಬೇಡಿಕೊಂಡರು. ಆಮೆನ್ ಎನ್ನುವಾಗ ಊರಿಗೇ ಕೇಳುವಂಥ ಆ ದನಿ ಹೊರಡಲಿಲ್ಲ. ನಾನು ಇಷ್ಟು ವರ್ಷ ಆ ದನಿಯನ್ನು ಬೈದುಕೊಂಡವನು, ಆ ಹೊತ್ತಿಗೆ ಅದು ಹೊರಡಲಿ ಎಂದು ನಾನೂ ಬೇಡಿಕೊಂಡೆ.

ಮನೆಯಲ್ಲಿ ಯೋಬಪ್ಪನ ಹೆಂಡತಿ ಮಾರ್ಥಮ್ಮ ಎಲ್ಲ ಹೇಳಿದಳು. ಮರೆವು ಶುರುವಾಗಿ ಎರಡು ವರ್ಷ. ಮೊದಲು ಕೊಟ್ಟಿಗೆಯ ಕೀಲಿ ಎಲ್ಲಿಟ್ಟೆ ಎಂಬುದು ಮರೆಯಿತು, ಆಮೇಲೆ ಮಗನ ಹೆಸರು, ಈಗ ಎದುರಿಗೆ ನಿಂತವರ ಮುಖ. "ಒಮ್ಮೊಮ್ಮೆ ಹಳೇದು ತುಣುಕು ತುಣುಕು ನೆನಪು ಬರ್ತದ. ತಮ್ಮ ಇದ್ದಾನ, ಅಂವ ಬರ್ಬೇಕು, ಅದೊಂದು ಮಾತ್ರ ಮರ್ತಿಲ್ಲ. ನಾ ನಿಮಗ ಎಷ್ಟು ಸಲ ಫೋನ್ ಮಾಡ್ದೆ ಮೈದುನ್ರೇ. ನೀವು ಎತ್ತಲೇ ಇಲ್ಲ."

ಎಲಿಷಪ್ಪನವರು ಫೋನ್ ಎತ್ತದೆ ಇದ್ದದ್ದು ನನಗೆ ಗೊತ್ತು. ಕಮಲಾಪುರದ ನಂಬರು ಬಂದಾಗಲೆಲ್ಲ ನನಗೆ ತೋರಿಸಿ, "ನೋಡ್ರಿ, ಹೆಣ್ತಿ ಕಡೆಯಿಂದ ಹೇಳಸ್ತಾನ. ತಾ ಮಾತಾಡಂಗಿಲ್ಲ. ಗರ್ವ!" ಎಂದು ಕಟ್ ಮಾಡುತ್ತಿದ್ದರು. ಅವರು ಆ ದಿನ ಮಾಲಪುರಿಯ ಡಬ್ಬಿಯನ್ನು ತೆರೆದು ಅಣ್ಣನ ಮುಂದೆ ಇಟ್ಟರು. ಯೋಬಪ್ಪ ಒಂದು ತಿಂದು, "ಛಲೋ ಅದಾವ," ಎಂದು ಹೇಳಿ ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಯಾರಿಗೆ ಎಂದು ನಾವು ಯಾರೂ ಕೇಳಲಿಲ್ಲ.

ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಅವರಾದ ಊರು ದಾಟಿದ ಮೇಲೆ ಎಲಿಷಪ್ಪನವರು ಒಂದೇ ಮಾತಾಡಿದರು. "ಸರ್, ತಪ್ಪಾತು ಅನ್ನಾಕ ಅಂವ ಇಲ್ಲ. ನಾ ಅನ್ಬೇಕಂದ್ರ ತಿಳ್ಕೊಳ್ಳಾಕೂ ಅಂವ ಇಲ್ಲ." ನಾನು ಖೂಬಾ ಪ್ಲಾಟ್ ಎಷ್ಟು ದೂರ ಎಂದು ಲೆಕ್ಕ ಹಾಕುತ್ತ ಕೂತೆ.

ಮರುವಾರ ಅವರು ಒಬ್ಬರೇ ನಬಿಸಾಬನ ಬಳಿ ಹೋಗಿ ಬಂದರು. ದೀನಮ್ಮನ ಕಲ್ಲು ಇವರ ಜಗಳ ಮುಗಿಯುವ ದಾರಿ ಕಾಯುತ್ತ ಅವನ ಅಂಗಳದಲ್ಲಿ ಬೋರಲು ಬಿದ್ದಿತ್ತು. ಅವನ ಹೆಂಡತಿ ಲತೀಫಾ ಹನ್ನೊಂದು ಬೇಸಿಗೆ ಅದರ ಮೇಲೆ ಹಪ್ಪಳ ಒಣಗಿಸಿದ್ದಳು. "ಅಕ್ಷರಕ್ಕ ಕಾಲು ತಾಗಬಾರದು ಅಂತ ಬೋರಲು ಹಾಕೀನ್ರಿ, ಬ್ಯಾರೆ ತಿಳ್ಕೋಬ್ಯಾಡ್ರಿ," ಎಂದನಂತೆ ನಬಿಸಾಬ. ಏನು ಬರೆಯಲಿ ಎಂಬ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದ. ಅಣ್ಣ ಹೇಳಿದ್ದನ್ನೇ ಬರಿ ಎಂದರಂತೆ ಇವರು. ನನಗೆ ಹೇಳುವಾಗ ಎಲಿಷಪ್ಪನವರು ಸೋತವರ ಹಾಗೆ ಕಾಣಲಿಲ್ಲ. ಚೀಲ ಇಳಿಸಿ ಕೂತವರ ಹಾಗೆ ಕಂಡರು.

ಕಲ್ಲು ನಿಲ್ಲಿಸಿದ ರವಿವಾರ ನನ್ನನ್ನೂ ಕರೆದುಕೊಂಡು ಹೋದರು. ಸಾಕ್ಷಿಯ ಕೆಲಸ ಮುಗಿದಿಲ್ಲ ಎಂಬುದು ಅವರ ವಾದ. ಆರಾಧನೆ ಮುಗಿದ ಮೇಲೆ ಎಲಿಷಪ್ಪನವರು ಅಣ್ಣನ ಕೈಹಿಡಿದು ಗೋರಿಗಳ ನಡುವೆ ನಿಧಾನ ನಡೆಸಿಕೊಂಡು ಬಂದರು. ಯೋಬಪ್ಪ ಕಲ್ಲಿನ ಮುಂದೆ ಬಗ್ಗಿ ಕೂತ. ಅವ್ವನ ಹೆಸರಿನ ಮೇಲೆ ಬೆರಳಾಡಿಸಿದ. ಕೆಳಗಿನ ಸಾಲಿಗೆ ಬಂದು, ಒಂದನೆಯ ತರಗತಿಯ ಹುಡುಗನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದ. ನಂಬಿಕೆಯಲ್ಲಿ ಬಾಳಿದವಳು. ಅವನ ಬೆರಳು ಅಲ್ಲೇ ನಿಂತಿತು.

"ತಪ್ಪಾತಲ್ಲ," ಎಂದ.

ಎಲಿಷಪ್ಪನವರು ತಟ್ಟನೆ ನನ್ನ ಮುಖ ನೋಡಿದರು.

"ಇದು ತಪ್ಪಾತ್ರಿ," ಎಂದು ಯೋಬಪ್ಪ ತಮ್ಮನ ತೋಳು ಹಿಡಿದು ಎದ್ದ. "ನನ್ನ ತಮ್ಮಗ ನಿರೀಕ್ಷಾ ಅಂತ ಬೇಕಾಗಿತ್ತು. ನಾನೇ ಹಟಾ ಮಾಡ್ದೆ. ಅಂವ ಉಣ್ಣೂದು ಬಿಟ್ಟು ಎದ್ದು ಹೋದ. ಈಗ ಬಂದ್ರ ಇದನ್ನ ನೋಡಿ ಮತ್ತ ಹೋಗ್ತಾನ. ನೀವು ಕಲಬುರಗಿಯವ್ರಲ್ಲಾ? ಎಲ್ಲರೆ ಸಿಕ್ರ ಹೇಳ್ರಿ ಅವನಿಗೆ. ಅಣ್ಣ ತಪ್ಪಾತು ಅಂದಾನ ಅಂತ ಹೇಳ್ರಿ."

"ಹೇಳ್ತೀನ್ರಿ," ಎಂದರು ಎಲಿಷಪ್ಪ.

"ಉಣ್ಣಾಕ ಬಾ ಅಂದಾನ ಅಂತ ಹೇಳ್ರಿ."

"ಹೇಳ್ತೀನಿ."

"ಬರ್ತಾನ ಅಂತೀರೇನು?"

"ಬರೋ ಐತವಾರ ಬರ್ತಾನ್ರಿ," ಎಂದರು ಎಲಿಷಪ್ಪ. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. ಎರಡೂ ಕೈಯಿಂದ ಅಣ್ಣನನ್ನು ಹಿಡಿದುಕೊಂಡಿದ್ದರು.

ನಿರೀಕ್ಷೆಯ ಸಾಲನ್ನು ನಬಿಸಾಬ ಕೆಳಗೆ ಉಳಿದ ಜಾಗದಲ್ಲಿ ಸಣ್ಣಗೆ ಕೆತ್ತಿಕೊಟ್ಟ. ಅವ್ವನ ಕಲ್ಲಿನಲ್ಲಿ ಈಗ ಎರಡೂ ಇವೆ, ಮೂರನೆಯದಕ್ಕೆ ಜಾಗವಿಲ್ಲ. ಎಲಿಷಪ್ಪನವರ ಬೆಳಗಿನ ಪ್ರಾರ್ಥನೆ ಮತ್ತೆ ಗೋಡೆ ದಾಟಿ ಬರುತ್ತದೆ. ಅದರಲ್ಲಿ ಅಣ್ಣನ ಹೃದಯದ ಮಾತಿಲ್ಲ. ಪ್ರತಿ ರವಿವಾರ ಎಂಟೂವರೆಯ ಬಸ್ಸಿಗೆ ಅವರು ಕಮಲಾಪುರಕ್ಕೆ ಹೋಗಿ ಅಣ್ಣನ ಪಕ್ಕದಲ್ಲಿ ಕೂರುತ್ತಾರೆ. ತನ್ನ ತಮ್ಮ ಬರಲಿ ಎಂದು ಅಣ್ಣ ಎದ್ದು ನಿಂತು ಬೇಡಿಕೊಳ್ಳುತ್ತಾನೆ. ಎಲ್ಲರಿಗಿಂತ ಜೋರಾಗಿ ಆಮೆನ್ ಎನ್ನುವವರು ಎಲಿಷಪ್ಪನವರೇ. ಆಮೇಲೆ ಇಬ್ಬರೂ ಮನೆಗೆ ಹೋಗಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ.